ಇಪ್ಪತ್ತೊಂದನೇ ನಂಬರಿನ ಜೆರ್ಸಿ

ಪ್ರೇರಿ ಫೋರ್ಕ್, ಕ್ಯಾನ್ಸಸ್
ಮಂಗಳವಾರ, ಸೆಪ್ಟೆಂಬರ್ ೧೬, ೧೯೯೭

ಗೋರ್ಡಿಗೆ,

ಹತ್ತೊಂಬತ್ತು ವರ್ಷ ನಿನ್ನ ಹೆಂಡತಿಯಾಗಿದ್ದ ಮಾರ್ಲಿಸ್ ಬರೆಯುವುದೇನೆಂದರೆ, ನಾನಿಲ್ಲಿ ಕ್ಷೇಮ. ನೀನು ಅಷ್ಟೇನೂ ಕ್ಷೇಮವಾಗಿಲ್ಲವೆಂದು ಭಾನುವಾರದ ಪತ್ರಿಕೆಯಿಂದ ತಿಳಿಯಿತು. ಸಂತೋಷವಾಯಿತು. ಬೇರೆಯವರಾಗಿದ್ದರೆ ಈ ಮಾತನ್ನು ಎರಡು ಪುಟ ಸುತ್ತಿ ಬಳಸಿ ಬರೆಯುತ್ತಿದ್ದರು. ನಮ್ಮಿಬ್ಬರ ನಡುವೆ ಆ ಉಪಚಾರ ಯಾಕೆ?

ಶನಿವಾರದ ಫುಟ್‌ಬಾಲ್ ಆಟಕ್ಕೆ ನಾನೂ ಬಂದಿದ್ದೆ. ನಿಮ್ಮ ಬ್ಯಾಂಡಿನವರ ಹಿಂದಿನ ಸಾಲಿನಲ್ಲಿ ಹಾಟ್ ಡಾಗ್ ಹಿಡಿದುಕೊಂಡು ಕೂತಿದ್ದೆ. ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮಂಥ ಬಡಪಾಯಿ ಕಾಲೇಜೊಂದನ್ನು ಕರೆಸಿ, ಅರವತ್ತು ಸಾವಿರ ಜನರೆದುರು ಚಚ್ಚಿ ಕಳಿಸುವುದು ನಿನ್ನಂಥ ದೊಡ್ಡ ವಿಶ್ವವಿದ್ಯಾಲಯದ ಕೋಚ್‌ಗಳ ಪದ್ಧತಿ. ಈ ಸಲ ನಾವು ಮೂವತ್ತೊಂದು, ನೀವು ಇಪ್ಪತ್ತನಾಲ್ಕು. ನಮ್ಮ ಟಿಯೋ ಅರಿಯಾಗಾ ಒಬ್ಬನೇ ಚೆಂಡು ಹೊತ್ತು ಇನ್ನೂರ ಹನ್ನೊಂದು ಗಜ ಓಡಿದ. ಕೊನೆಯ ಓಟದಲ್ಲಿ ಅವನು ಗೆರೆಯ ಪಕ್ಕದಲ್ಲೇ ನಿನ್ನ ಮುಂದೆ ಹಾದುಹೋದಾಗ ನೀನು ಎರಡು ಹೆಜ್ಜೆ ಹಿಂದೆ ಸರಿದೆ. ದುರ್ಬೀನು ತಂದಿದ್ದೆ, ಹಾಗಾಗಿ ನಿನ್ನ ಮುಖವೂ ಚೆನ್ನಾಗಿ ಕಾಣಿಸಿತು.

ಆಮೇಲೆ ಪತ್ರಿಕೆಯವರ ಮುಂದೆ, "ಈ ಹುಡುಗ ಇಷ್ಟು ದಿನ ಎಲ್ಲಿದ್ನಪ್ಪ? ನಮಗ್ಯಾರೂ ಹೇಳ್ಲೇ ಇಲ್ವಲ್ಲ" ಅಂದೆಯಂತೆ. ಅದಕ್ಕೆ ಉತ್ತರ ಕೊಡೋಣವೆಂದೇ ಈ ಕಾಗದ. ಅವನು ನಿನ್ನ ಟೇಪಿನಲ್ಲೇ ಇದ್ದ, ಗೋರ್ಡಿ. ಹೋದ ವರ್ಷ ಜನವರಿಯಲ್ಲಿ ನೀನು ಅವನ ಆಟ ನೋಡಿದೆ, ಮೆಚ್ಚಿದೆ, ಅವನಿಗಾಗಿ ಇನ್ನೂರು ಮೈಲಿ ಕಾರು ಓಡಿಸಿಕೊಂಡು ಹೋದೆ, ಹೋಗಿ ಬೇರೆ ಹುಡುಗನನ್ನು ಕರೆತಂದೆ.

ಈಗ ಕಾಗದವನ್ನು ಮಡಚಿ ಎಸೆಯಬೇಡ. ಪೂರ್ತಿ ಓದು. ಕೊನೆಯಲ್ಲಿ ನೀನು ಮಾಡಬೇಕಾದ ಕೆಲಸವೊಂದಿದೆ.

ಹುಡುಗರನ್ನು ಆರಿಸಲು, ಶಾಲೆಗಳು ಕಳಿಸುವ ಆಟದ ವಿಡಿಯೋ ಟೇಪುಗಳನ್ನು ನಾವು ನೋಡುತ್ತಿದ್ದ ರೀತಿ ನಿನಗೆ ನೆನಪಿರಬೇಕು. ಸೀಟಿ ಊದಿದ ತಕ್ಷಣ ನೀನು ರಿವೈಂಡ್ ಒತ್ತುತ್ತಿದ್ದೆ. ಓಟ ಮುಗಿದ ಮೇಲೆ ಇನ್ನೇನು ನೋಡುವುದಿದೆ ಅನ್ನುವುದು ನಿನ್ನ ವಾದ. ನನಗೆ ಅಲ್ಲಿಂದಲೇ ಶುರು. ಸೀಟಿ ಆದ ಮೇಲೆ ಮೂರು ಸೆಕೆಂಡು. ಕೆಳಗೆ ಬಿದ್ದವನು ಹೇಗೆ ಏಳುತ್ತಾನೆ, ಯಾರನ್ನು ಎಬ್ಬಿಸುತ್ತಾನೆ, ಮೊದಲು ಎಲ್ಲಿ ನೋಡುತ್ತಾನೆ. ಹೆಲ್ಮೆಟ್ ಹಾಕಿದ ಹುಡುಗರು ಓಡುವಾಗ ಒಬ್ಬರಂತೆ ಒಬ್ಬರು ಕಾಣಬಹುದು, ಬಿದ್ದು ಏಳುವಾಗ ಅವರವರೇ ಆಗಿರುತ್ತಾರೆ. ಎಲ್ಲರೂ ಕುಳ್ಳನೆಂದು ಬಿಟ್ಟಿದ್ದ ಹುಡುಗ, ಡುಮ್ಮನೆಂದು ಬಿಟ್ಟಿದ್ದ ಹುಡುಗ, ಶಾಲೆ ಮುಗಿಸಿ ಹಾಲಿನ ವ್ಯಾನ್ ಓಡಿಸುತ್ತಿದ್ದ ಹುಡುಗ, ಈ ಮೂವರನ್ನೂ ನಾನು ಆ ಮೂರು ಸೆಕೆಂಡಿನಲ್ಲೇ ಕಂಡುಹಿಡಿದೆ. ಹಸಿರು ಶಾಯಿಯಲ್ಲಿ ಹೆಸರು ಬರೆದು ನಿನ್ನ ಕಾಫಿ ಮಗ್ಗಿನ ಕೆಳಗೆ ಇಟ್ಟೆ. ಆ ಮೂವರ ಭುಜದ ಮೇಲೆ ಕೂತೇ ನೀನು ಇವತ್ತಿನ ಕುರ್ಚಿಗೆ ಬಂದದ್ದು. ಸನ್ಮಾನದ ದಿನ ವೇದಿಕೆಯಲ್ಲಿ ನಿಂತು, "ಇದು ಕಣ್ಣಿನ ವಿಷ್ಯ. ಕೆಲವ್ರಿಗೆ ಹುಟ್ಟಿನಿಂದ್ಲೇ ಬಂದಿರುತ್ತೆ, ಏನ್ ಮಾಡೋಕಾಗುತ್ತೆ" ಅಂದೆ. ನಾನು ಕೆಳಗೆ ಕೂತು ಚಪ್ಪಾಳೆ ತಟ್ಟಿದೆ. ಆಗಲೂ ನನಗೆ ಸಿಟ್ಟು ಬಂದಿರಲಿಲ್ಲ. ಗಂಡ ಹೆಂಡಿರಲ್ಲಿ ಯಾರ ಕಣ್ಣಾದರೇನು ಎಂದುಕೊಂಡಿದ್ದೆ.

ಸಿಟ್ಟು ಬಂದದ್ದು ವಿಚ್ಛೇದನದ ದಿನ ನ್ಯಾಯಾಲಯದಲ್ಲಿ. ಇಷ್ಟು ವರ್ಷ ನಿಮ್ಮ ಹೆಂಡತಿ ಏನು ಕೆಲಸ ಮಾಡಿಕೊಂಡಿದ್ದರು ಎಂದು ನ್ಯಾಯಾಧೀಶರು ಕೇಳಿದರು. ನೀನು ಟೈ ಸರಿಮಾಡಿಕೊಂಡು, "ಅಡುಗೆಮನೇಲಿ ಕೂತು ಟಿ.ವಿ. ನೋಡ್ತಿದ್ಲು ಸರ್" ಅಂದೆ. ಎಲ್ಲರೂ ನಕ್ಕರು. ತಲೆ ಬಗ್ಗಿಸಿ ಟೈಪ್ ಮಾಡುತ್ತಿದ್ದ ಆ ಹೆಂಗಸೂ ನಕ್ಕಳು. ನೀನು ಇನ್ನೊಬ್ಬಳ ಜೊತೆ ಹೋದದ್ದನ್ನು ನಾನು ಎಂದೋ ಮರೆತಿದ್ದೇನೆ. ಈ ಮಾತನ್ನು ಒಂದು ದಿನವೂ ಮರೆತಿಲ್ಲ.

ಆಮೇಲೆ ಪ್ರೇರಿ ಫೋರ್ಕ್ ಕಾಲೇಜಿನಲ್ಲಿ ಮುದುಕ ಆರಿನ್ ಸ್ಟಟ್ಜ್‌ಮನ್ ನನಗೆ ಕೆಲಸ ಕೊಟ್ಟ. ಅವನೇ ಇಲ್ಲಿಯ ಕೋಚ್. ಹೆಸರಿಗೆ ನಾನು ಗುಮಾಸ್ತೆ. ಮೊದಲ ದಿನವೇ ಟೇಪುಗಳ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟು, "ನೋಡಮ್ಮ, ದೊಡ್ಡವ್ರೆಲ್ಲ ಆರಿಸ್ಕೊಂಡು ಬಿಟ್ಟಿರೋ ಹುಡುಗ್ರು ಇವ್ರು. ಇದ್ರಲ್ಲಿ ಏನಾದ್ರೂ ಕಂಡ್ರೆ ಹೇಳು. ನನ್ ಕಣ್ಣು ಹೋಗಿದೆ, ನಿನ್ ಗಂಡನಿಗೆ ಮೊದ್ಲಿಂದ್ಲೂ ಇರ್ಲಿಲ್ಲ" ಅಂದ. ಅವನಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ.

ಆ ಪೆಟ್ಟಿಗೆಯಲ್ಲೇ ಆಲ್ಡೆನ್‌ವಿಲ್ ಊರಿನ ಶಾಲೆಯ ಟೇಪ್ ಇತ್ತು. ನಿನಗೆ ಬಂದದ್ದೂ ಅದರದೇ ಪ್ರತಿ. ಇಪ್ಪತ್ತೊಂದನೇ ನಂಬರಿನ ವೇಡ್ ಲೈಕರ್ ಎಂಬ ಹುಡುಗ ಮೊದಲರ್ಧದಲ್ಲಿ ಎರಡು ಸಲ ಚೆಂಡು ಕೆಡವಿದ. ಉತ್ತರಾರ್ಧದಲ್ಲಿ ಅದೇ ಇಪ್ಪತ್ತೊಂದು ಬಾಗಿಲು ಮುರಿದುಕೊಂಡು ಬಂದ ಹೋರಿಯ ಹಾಗೆ ಓಡಿ ನಾಲ್ಕು ಸಲ ಗುರಿ ಮುಟ್ಟಿತು. ನೀನು ನೋಡಿದ್ದು ಇಷ್ಟು. ಸೀಟಿ, ರಿವೈಂಡ್, ಸೀಟಿ, ರಿವೈಂಡ್.

ನಾನು ಆ ಮೂರು ಸೆಕೆಂಡು ನೋಡಿದೆ. ಮೊದಲರ್ಧದ ಇಪ್ಪತ್ತೊಂದು ಎದ್ದ ಕೂಡಲೇ ಚೆಂಡನ್ನು ಅತ್ತ ಎಸೆದು, ಜನರ ಮಧ್ಯೆ ತನ್ನ ತಾಯಿ ಎಲ್ಲಿದ್ದಾಳೆಂದು ಹುಡುಕುತ್ತಿದ್ದ. ಉತ್ತರಾರ್ಧದ ಇಪ್ಪತ್ತೊಂದು ನಡೆದುಹೋಗಿ ಚೆಂಡನ್ನು ರೆಫರಿಯ ಕೈಗೇ ಕೊಟ್ಟು, ಬಗ್ಗಿ ಎಡಗಾಲಿನ ಕಾಲುಚೀಲ ಎಳೆದುಕೊಂಡು, ಯಾರ ಕಡೆಗೂ ನೋಡದೆ ವಾಪಸು ಬರುತ್ತಿದ್ದ. ಮೊದಲರ್ಧದಲ್ಲಿ ಕಾಲುಚೀಲ ಎಳೆದುಕೊಳ್ಳುವವನು ಇನ್ನೊಬ್ಬನಿದ್ದ. ಮೂವತ್ತಮೂರನೇ ನಂಬರು. ವೇಡ್‌ನ ಮುಂದೆ ಓಡಿ ಅಡ್ಡ ಬಂದವರನ್ನು ಕೆಡವುವುದಷ್ಟೇ ಅವನ ಕೆಲಸ. ಉತ್ತರಾರ್ಧದಲ್ಲಿ ಮೂವತ್ತಮೂರು ಇಡೀ ಮೈದಾನದಲ್ಲಿ ಎಲ್ಲೂ ಇಲ್ಲ.

ಟೇಪಿನಲ್ಲಿ ಇಷ್ಟು ಕಂಡಿತು. ಖಚಿತ ಮಾಡಿಕೊಳ್ಳಲು ಊರಿಗೇ ಹೋದೆ. ಊರವರನ್ನು ಕೇಳಿದರೆ ಆಟದ ಕಥೆ ಹೇಳುತ್ತಾರೆ, ಅದು ನನಗೆ ಬೇಡವಾಗಿತ್ತು. ಶಾಲೆಯ ಜೆರ್ಸಿ ಒಗೆಯುವವರು ಯಾರು ಎಂದು ಕೇಳಿದೆ. ನಿನ್ನ ತಂಡದ ಜೆರ್ಸಿಗಳನ್ನು ಆರು ವರ್ಷ ಒಗೆದವಳು ನಾನು. ಯಾರ ಅಂಗಿಯಲ್ಲಿ ಏನಿತ್ತು ಎಂಬುದು ಒಗೆಯುವವಳಿಗೆ ಗೊತ್ತಿರುವಷ್ಟು ಕೋಚ್‌ಗೂ ಗೊತ್ತಿರುವುದಿಲ್ಲ. ಒಗೆಯುತ್ತಿದ್ದವಳು ಡೆಲ್ಫೀನ್ ಲೈಕರ್, ವೇಡ್‌ನ ತಾಯಿ. ನೆಲಮಾಳಿಗೆಯ ವಾಷಿಂಗ್ ಮೆಷಿನ್ ಪಕ್ಕದಲ್ಲಿ ನನಗೊಂದು ಸ್ಟೂಲ್ ಹಾಕಿಕೊಟ್ಟಳು. ರಕ್ತದ ಕಲೆಗೆ ತಣ್ಣೀರೇ ಆಗಬೇಕೆಂದು ನಾನು ಹೇಳಿದ್ದಕ್ಕೆ ಅವಳ ಮುಖ ಅರಳಿತು. "ಅಯ್ಯೋ ಎಲ್ಲ ಬಿಸಿನೀರು ಸುರೀತಾರೆ, ಕಲೆ ಅಲ್ಲೇ ಕೂತ್ಬಿಡುತ್ತೆ" ಅಂದಳು. ಆಮೇಲೆ ತಾನಾಗಿಯೇ ಎಲ್ಲ ಹೇಳಿದಳು.

ಆವತ್ತು ವೇಡ್‌ನ ಕಾಲು ಉಳುಕಿ ಉತ್ತರಾರ್ಧವೆಲ್ಲ ಬೆಂಚಿನ ಮೇಲೆ ಕೂತಿದ್ದ. ಅದೇ ಹೊತ್ತಿಗೆ ಟಿಯೋನ ಮೂಗೊಡೆದು ಮೂವತ್ತಮೂರರ ಎದೆಯೆಲ್ಲ ರಕ್ತ. ರಕ್ತವಾದ ಅಂಗಿಯಲ್ಲಿ ರೆಫರಿ ಆಡಲು ಬಿಡುವುದಿಲ್ಲ, ಬಡ ಶಾಲೆಯಲ್ಲಿ ಹೆಚ್ಚಿನ ಅಂಗಿ ಇರಲಿಲ್ಲ. ವೇಡ್‌ನ ಮೈಮೇಲಿನ ಜೆರ್ಸಿಯನ್ನೇ ಬಿಚ್ಚಿ ಟಿಯೋಗೆ ಹಾಕಿದರು. ನೀನು ನಾಲ್ಕು ಸಲ ರಿವೈಂಡ್ ಮಾಡಿ ನೋಡಿದ ಹುಡುಗ ಟಿಯೋ ಅರಿಯಾಗಾ. ಅವನ ಅಪ್ಪ ಅಮ್ಮ ಇಬ್ಬರೂ ಅಲ್ಲಿಯ ಮಾಂಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆ ಓಣಿಗೆ ಅದುವರೆಗೆ ಒಬ್ಬ ಕೋಚ್ ಕೂಡ ಕಾಲಿಟ್ಟಿರಲಿಲ್ಲ.

ನಾನು ಹೋಗುವ ಮೂರು ದಿನ ಮುಂಚೆ ನೀನು ಡೆಲ್ಫೀನಳ ಮನೆಯಲ್ಲಿ ಊಟ ಮಾಡಿದ್ದೆ. ಎಲೆಕೋಸು, ಮಾಂಸ ತುಂಬಿದ ಬನ್ನು ನಾಲ್ಕು ತಿಂದು, ಊಟಕ್ಕೆ ಬಂದಿದ್ದ ಊರಿನ ಪಾದ್ರಿಗಳ ಮುಂದೆ ವೇಡ್‌ನ ಬೆನ್ನು ತಟ್ಟಿ, "ಆ ಸೆಕೆಂಡ್ ಹಾಫ್ ನೋಡ್ದೆ ನೋಡಿ, ಇವನೇ ನನ್ನ ಹುಡುಗ ಅಂದ್ಕೊಂಡೆ. ಇವ್ನು ಬಿಸಿಯಾಗೋಕೆ ಸ್ವಲ್ಪ ಹೊತ್ತು ಬೇಕು, ಅಷ್ಟೇ" ಅಂದೆಯಂತೆ. ವೇಡ್‌ಗೆ ಅದು ಯಾವ ಆಟದ ಮಾತೆಂದು ತಿಳಿಯಲಿಲ್ಲ. ಡೆಲ್ಫೀನ್‌ಗೆ ತಿಳಿಯಿತು. ಗಂಡನ ಮುಂದೆ, ಪಾದ್ರಿಗಳ ಮುಂದೆ, ಮಗನ ಆ ಮುಖದ ಮುಂದೆ ಅವಳಿಗೆ ಬಾಯಿ ಬರಲಿಲ್ಲ. ಮೂರು ದಿನ ಊಟ ಸೇರಿರಲಿಲ್ಲವಂತೆ. ನನ್ನ ಕೈ ಹಿಡಿದುಕೊಂಡು, "ಅವ್ರಿಗೆ ನೀವೇ ಹೇಳ್ಬಿಡಿ. ನನ್ ಮಗ ಒಳ್ಳೆ ಹುಡುಗ, ಆದ್ರೆ ಅವ್ರು ಟೇಪಲ್ಲಿ ನೋಡಿದ ಹುಡುಗ ಇವ್ನಲ್ಲ. ಇನ್ನೊಬ್ರ ಮಗನ ಊಟ ನನ್ ಮಗ ತಿನ್ನೋದು ಬೇಡ" ಅಂದಳು. ಯಾವ ಕಾಲೇಜಿಗೆ ಆಡುತ್ತೇವೆಂದು ಹುಡುಗರು ಸಹಿ ಹಾಕುವ ದಿನಕ್ಕೆ ಇನ್ನೂ ಆರು ದಿನ ಇತ್ತು. ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮರುದಿನ ನಿನ್ನ ಕಚೇರಿಗೆ ಫೋನ್ ಮಾಡಿದೆ. ಯಾವುದೋ ಹುಡುಗಿ, ಕೋಚ್ ಬಿಡುವಾಗಿಲ್ಲ ಅಂದಳು. ಮತ್ತೆ ಮಾಡಲಿಲ್ಲ. ಆರಿನ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಅರಿಯಾಗಾ ಮನೆಗೆ ಹೋದೆ. ಟಿಯೋ ಪ್ರೇರಿ ಫೋರ್ಕಿಗೆ ಸಹಿ ಹಾಕಿದ.

ಇನ್ನು ಮುಂದಿನದು ನಿನಗೇ ಗೊತ್ತು. ನನಗೆ ಮಾತ್ರ ಅದನ್ನು ಬರೆಯುವಾಗ ಬಾಯಲ್ಲಿ ನೀರೂರುತ್ತದೆ. ಹೋದ ಋತುವೆಲ್ಲ, ಈ ಋತುವಿನಲ್ಲೂ ನೀನು ವೇಡ್ ಬಿಸಿಯಾಗಲಿ ಎಂದು ಕಾದೆ. ಮೊದಲರ್ಧ ಕೂರಿಸಿ ಉತ್ತರಾರ್ಧದಲ್ಲಿ ಮಾತ್ರ ಇಳಿಸಿದೆ. "ಇವನು ಉತ್ತರಾರ್ಧದ ಆಟಗಾರ" ಎಂದು ಪತ್ರಿಕೆಗೆ ಹೇಳಿದೆ. ಆ ತುಣುಕನ್ನು ನಾನು ಕತ್ತರಿಸಿ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಬೇಸರವಾದಾಗ ಓದುತ್ತೇನೆ. ಶನಿವಾರ ನಿನ್ನ ಉತ್ತರಾರ್ಧದ ಆಟಗಾರ ಬೆಂಚಿನ ಮೇಲೆ ಕೂತು, ತನ್ನ ಹಳೆಯ ಗೆಳೆಯ ಓಡುವುದನ್ನು ನೋಡುತ್ತಿದ್ದ. ಟಿಯೋ ಕೊನೆಯ ಸಲ ಗುರಿ ಮುಟ್ಟಿದಾಗ ನಿಮ್ಮ ಕಡೆಯಲ್ಲಿ ಚಪ್ಪಾಳೆ ತಟ್ಟಿದವನು ಅವನೊಬ್ಬನೇ. ಅದನ್ನೂ ದುರ್ಬೀನಿನಲ್ಲಿ ನೋಡಿದೆ. ಆವರೆಗೆ ನನಗೆ ತುಂಬ ಖುಷಿಯಾಗಿತ್ತು.

ನಿನ್ನೆ ಡೆಲ್ಫೀನ್ ಫೋನ್ ಮಾಡಿದ್ದಳು. ಭಾನುವಾರ ಬೆಳಿಗ್ಗೆ ನೀನು ವೇಡ್‌ನನ್ನು ಕರೆಸಿ, "ಈ ವರ್ಷ ಮುಗಿದ್ಮೇಲೆ ಬೇರೆ ಕಡೆ ನೋಡ್ಕೋಪ್ಪ, ನಿನ್ ಜಾಗ ನಂಗೆ ಬೇಕು" ಅಂದೆಯಂತೆ. ಆಟಗಾರರ ವಿದ್ಯಾರ್ಥಿವೇತನ ವರ್ಷ ವರ್ಷಕ್ಕೂ ನಿನ್ನ ಸಹಿಯಿಂದ ಮುಂದುವರಿಯುವಂಥದ್ದು. ನೀನು ಸಹಿ ಹಾಕದಿದ್ದರೆ ಅವನ ಓದು ಅಲ್ಲಿಗೆ ನಿಂತಿತು. ಹುಡುಗ ದನದ ಡಾಕ್ಟರಾಗಬೇಕೆಂದು ಓದುತ್ತಿದ್ದಾನೆ, ತರಗತಿಗೇ ಮೊದಲಿದ್ದಾನೆ. ನಿನ್ನ ತಂಡದಲ್ಲಿ ಪುಸ್ತಕ ಬಿಚ್ಚುವವರು ಎಷ್ಟು ಜನ ಎಂದು ನಾನು ಬಲ್ಲೆ.

ಹಾಗಾಗಿ ನೀನು ಮಾಡಬೇಕಾದ ಕೆಲಸ ಇದು. ನಾಲ್ಕು ವರ್ಷ ಪೂರ್ತಿ ಅವನ ವಿದ್ಯಾರ್ಥಿವೇತನ ಮುಂದುವರಿಸು. ಆಡಿಸುತ್ತೀಯೋ ಬಿಡುತ್ತೀಯೋ ನಿನ್ನ ಇಷ್ಟ. ಈ ವಾರವೇ ಕರೆದು ಹೇಳು, ಬರವಣಿಗೆಯಲ್ಲಿ ಕೊಡು. ಇಲ್ಲವಾದರೆ ಆಲ್ಡೆನ್‌ವಿಲ್ ಟೇಪು, ಉತ್ತರಾರ್ಧದ ಆಟಗಾರನ ಆ ತುಣುಕು, ಎರಡೂ ಒಂದೇ ಲಕೋಟೆಯಲ್ಲಿ ಪತ್ರಿಕೆಗೆ ಹೋಗುತ್ತವೆ. ಹುಟ್ಟಿನಿಂದಲೇ ಕಣ್ಣು ಬಂದವನು ಜೆರ್ಸಿ ನೋಡಿ ಹುಡುಗನನ್ನು ಆರಿಸಿದ ಎಂದು ಇಡೀ ರಾಜ್ಯ ನಗಲಿ. ನ್ಯಾಯಾಲಯದಲ್ಲಿ ನಕ್ಕವರು ಬರೀ ಹದಿನೈದು ಜನ.

ಹಾಗೆ ಮಾಡಿದರೆ ವೇಡ್‌ನ ಹೆಸರೂ ಬೀದಿಗೆ ಬರುತ್ತದೆ, ಮಾರ್ಲಿಸ್ ಅಷ್ಟು ಕೆಟ್ಟವಳಲ್ಲ ಎಂದು ನೀನು ಲೆಕ್ಕ ಹಾಕಬಹುದು. ಅಂಥ ಧೈರ್ಯವಿದ್ದರೆ ಮೊದಲು ನನ್ನ ಸಹಿಯ ಕೆಳಗೆ ಬರೆದಿರುವುದನ್ನು ಓದು.

ಟೇಪಿನ ಒಂದು ಪ್ರತಿ ಇದರ ಜೊತೆಗಿದೆ. ಅಡುಗೆಮನೆಯಲ್ಲಿ ಕೂತು ನೋಡು. ಸೀಟಿ ಆದ ಮೇಲೆ ಮೂರು ಸೆಕೆಂಡು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊ.

ಇಂತು ಟಿ.ವಿ. ನೋಡುವವಳು,
ಮಾರ್ಲಿಸ್ ಡ್ರೈಲಿಂಗ್

ತಾ.ಕ.: ನಿನ್ನ ಕಚೇರಿಗೆ ಫೋನ್ ಮಾಡಿದೆ ಎಂದು ಮೇಲೆ ಬರೆದಿದ್ದೇನೆ. ಮಾಡಲಿಲ್ಲ. ಕೊನೆಯ ಅಂಕಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒತ್ತಿ ರಿಸೀವರ್ ಕೆಳಗಿಟ್ಟೆ. ವೇಡ್ ನಿನ್ನ ಹತ್ತಿರ ಬಂದರೆ ಏನಾಗುತ್ತಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕಳಿಸಿದೆ. ಡೆಲ್ಫೀನ್‌ಗೆ ಮಾತ್ರ ಫೋನ್ ಮಾಡಿ, ಕೋಚ್‌ಗೆ ಎಲ್ಲ ಹೇಳಿದೆ, ಜೆರ್ಸಿಯ ವಿಷಯ ತಿಳಿದ ಮೇಲೂ ಅವರಿಗೆ ವೇಡ್‌ನೇ ಬೇಕಂತೆ, ಅವನಲ್ಲಿ ಏನೋ ಕಂಡಿದೆಯಂತೆ ಅಂದೆ. ಅವಳು ಫೋನ್ ಹಿಡಿದುಕೊಂಡೇ ಅತ್ತಳು. ಹೋದ ಕ್ರಿಸ್‌ಮಸ್ಸಿಗೆ ನಿನ್ನ ಮನೆಗೆ ಅವಳಿಂದ ಮಸಾಲೆ ಬಿಸ್ಕತ್ತಿನ ಡಬ್ಬಿ ಬಂದದ್ದು ಅದಕ್ಕೆ. ನೀನು ತಿಂದು ಮುಗಿಸಿರುತ್ತೀ. ಅಂಥದೇ ಒಂದು ಡಬ್ಬಿ ನನಗೂ ಕಳಿಸಿದ್ದಳು. ನಾನಿನ್ನೂ ಮುಚ್ಚಳ ತೆಗೆದಿಲ್ಲ.