ಅಫುವಾ ಹುಟ್ಟಿದ ವಾರ

ಮಾಂಪಾಂಗ್, ಅಕುವಾಪೆಮ್ ಬೆಟ್ಟ
ಅಕ್ಟೋಬರ್ ೨೭, ಸಂಜೆ

ಪ್ರೀತಿಯ ಮಗಳು ಮಾನ್ಸಾಗೆ,

ಆದ್ದರಿಂದ ಅದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ಹೇಳುವಷ್ಟರಲ್ಲಿ ನಿನ್ನೆ ಫೋನು ಸತ್ತಿತು. ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ಆ ಅನುಕೂಲ ನಿನಗಿಲ್ಲ. ಮೊದಲು ನಿನ್ನ ಆರೋಗ್ಯ ಹೇಗಿದೆ? ತಮಾಲೆಯ ಕಡೆ ಇನ್ನೇನು ಒಣಗಾಳಿ ಶುರುವಾಗುತ್ತದೆ, ಶಾಲೆಗೆ ಹೊರಡುವ ಮುಂಚೆ ತುಟಿಗೆ ಶಿಯಾ ಬೆಣ್ಣೆ ಹಚ್ಚಿಕೋ; ಒಡೆದ ತುಟಿಯ ಟೀಚರಿಗೆ ಮಕ್ಕಳು ಹೆದರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಹಾಗೇ ಇದೆ, ಬೆಟ್ಟ ಇಳಿಯುವಾಗ ಬೈಯುತ್ತದೆ, ಹತ್ತುವಾಗ ಮಾತೇ ಬಿಡುತ್ತದೆ. ನಿನ್ನ ಅಮ್ಮ ಹೋದ ಮೇಲೆ ನಾನು ಕುಟ್ಟುವ ಫುಫು ಮುದ್ದೆ ಗೋಡೆಗೆ ಮೆತ್ತುವ ಗಾರೆಯ ಹಾಗಿರುತ್ತದೆ. ಆದರೂ ತಿಂದುಕೊಂಡು ಗಟ್ಟಿಯಾಗಿಯೇ ಇದ್ದೇನೆ, ಗಾರೆಯ ಗುಣವೇ ಅದಲ್ಲವೇ.

ಈಗ ಅಫುವಾಳ ವಿಷಯ. ಅಫುವಾ ಲಾರ್ಬಿ, ನಮ್ಮ ಚರ್ಚಿನಲ್ಲಿ ಕೀಬೋರ್ಡು ನುಡಿಸುವ ಹುಡುಗಿ. ನೀನು ತಮಾಲೆಗೆ ಹೋಗುವಾಗ ಇನ್ನೂ ಶಾಲೆಯ ಸಮವಸ್ತ್ರದಲ್ಲಿದ್ದಳು. ಈಗ ಭಾನುವಾರ ಎರಡು ಆರಾಧನೆ, ವಾರದ ನಡುವೆ ಪ್ರಾರ್ಥನಾಕೂಟ, ಶನಿವಾರ ಬಂತೆಂದರೆ ಯಾರದಾದರೂ ಶವಸಂಸ್ಕಾರ, ಎಲ್ಲದಕ್ಕೂ ಅವಳ ಬೆರಳೇ ಬೇಕು. ಅವಳು ನುಡಿಸಿದರೆ ಹೆಣದ ಹತ್ತಿರದ ಸಂಬಂಧಿಕರು ಹಾಗಿರಲಿ, ಆಸ್ತಿಗಾಗಿ ಬಂದವರೂ ಅಳುತ್ತಾರೆ. ಇಷ್ಟಕ್ಕೂ ನಾವು ಅವಳಿಗೆ ಕೊಡುತ್ತಿದ್ದುದು ‘ದೇವರು ನಿನ್ನನ್ನು ಹರಸಲಿ’ ಎಂಬ ಮಾತು ಮತ್ತು ಒಂದು ಬಾಟಲಿ ಮಾಲ್ಟ್ ಪಾನಕ. ಹೊಟ್ಟೆಗೆ ಅವಳು ಬಸ್ ನಿಲ್ದಾಣದಲ್ಲಿ ಕೊಡೆ ಹಾಕಿಕೊಂಡು ಫೋನಿನ ರೀಚಾರ್ಜ್ ಮಾರುತ್ತಾಳೆ. ಹೋದ ತಿಂಗಳು ಕೆಳಗಿನ ರಸ್ತೆಯ ಅಗ್ನಿಸ್ತಂಭ ಪ್ರಾರ್ಥನಾಲಯದವರು ಅವಳನ್ನು ಕರೆದರು. ಬಿಳಿ ಬೂಟಿನ ಪ್ರವಾದಿಯೊಬ್ಬನಿದ್ದಾನೆ, ನಿನಗೆ ಗೊತ್ತು. ತಿಂಗಳ ಸಂಬಳ, ಹೊಸ ಕೀಬೋರ್ಡು ಎಲ್ಲ ಕೊಡುತ್ತಾನಂತೆ. ಆದರೆ ಅವನು ಬೋಧಿಸುವಾಗ ಪ್ರತಿ ವಾಕ್ಯದ ಅಡಿಗೂ ಇವಳು ಸಂಗೀತ ಹಾಸಬೇಕು. ಪ್ರವಾದಿ ಕೆಮ್ಮಿದರೂ ಕೆಮ್ಮಿಗೆ ತಕ್ಕ ರಾಗ ಬೇಕಂತೆ. ಹುಡುಗಿಗೆ ಇಷ್ಟವಿಲ್ಲ. ಆದರೆ ಬರುವ ತಿಂಗಳ ಮೊದಲ ತಾರೀಕಿಗೆ ಉತ್ತರ ಹೇಳುತ್ತೇನೆ ಎಂದು ಬಂದಿದ್ದಳು. ಅವಳು ಹೋದರೆ ಕೀಬೋರ್ಡಿನ ಜಾಗಕ್ಕೆ ಉಳಿಯುವುದು ಅಸಿಯೆಡು ಮೇಷ್ಟ್ರ ಮೌತ್ ಆರ್ಗನ್ ಮಾತ್ರ.

ಬೊಟ್ವೆ ಪಾದ್ರಿಗಳು ಅಕ್ರಾದಲ್ಲಿ ಯಾವುದೋ ಶಿಬಿರ ಮುಗಿಸಿಕೊಂಡು ‘ಸಸ್ಟೇನಬಲ್’ ಎಂಬ ಮಾತನ್ನು ಹೊತ್ತು ತಂದಿದ್ದರು. ಯುವ ಸಂಗೀತಗಾರರು ಚರ್ಚಿನೊಳಗೇ ನೆಲೆ ನಿಂತು ಬದುಕುವ ದಾರಿ ಮಾಡಬೇಕು ಎಂದು ಹಿರಿಯರ ಸಭೆಯಲ್ಲಿ ಹೇಳಿದರು. ಅಸಿಯೆಡು ಮೇಷ್ಟ್ರು, ಹೆಡ್‌ಮಾಸ್ಟರಿಕೆಯಿಂದ ನಿವೃತ್ತರಾದರೂ ಬೆತ್ತ ಬಿಡದವರು, ದಾವೀದನು ಸಂಬಳ ತೆಗೆದುಕೊಂಡು ಕಿನ್ನರಿ ನುಡಿಸಿದನೇ ಎಂದು ಕೇಳಿದರು. ನಾನು, ದಾವೀದನು ರಾಜ, ಖಜಾನೆಯ ಬೀಗದ ಕೈ ಅವನ ಸೊಂಟದಲ್ಲೇ ಇತ್ತು, ನಾಟ್‌ವಿತ್‌ಸ್ಟ್ಯಾಂಡಿಂಗ್ ಅಂದೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಈ ಪದ ಬಳಸಿದರೆ ತರಗತಿಯೇ ತಣ್ಣಗಾಗುತ್ತಿತ್ತು. ಅದು ವಾಕ್ಯದ ಮೊದಲು ಬರಬೇಕೋ ಕೊನೆಗೋ ಈಗ ನೆನಪಿಲ್ಲ, ಆದರೆ ಕೆಲಸ ಮಾಡಿತು. ಎಲ್ಲರೂ ನನ್ನತ್ತ ತಿರುಗಿದರು. ತಿರುಗಿದ ಮೇಲೆ ಏನಾದರೂ ಹೇಳಲೇಬೇಕಲ್ಲ, ಆಗ ಹೊಳೆದದ್ದು ಈ ಯೋಜನೆ.

ಸುಗ್ಗಿಯ ಹಬ್ಬದಲ್ಲಿ ನಾವು ಹುಟ್ಟಿದ ವಾರದ ಪ್ರಕಾರ ಸಾಲುಗಟ್ಟಿ, ಕರವಸ್ತ್ರ ಬೀಸುತ್ತ ಕುಣಿದುಕೊಂಡು ಹೋಗಿ ಕಾಣಿಕೆ ಹಾಕುವುದಿಲ್ಲವೇ? ನರಕಕ್ಕೆ ಹೆದರಿ ಬಿಚ್ಚದ ಕೈ, ಗುರುವಾರದವರು ಸೋಮವಾರದವರಿಗೆ ಸೋಲಬಾರದು ಎಂದರೆ ತಾನಾಗಿ ಬಿಚ್ಚುತ್ತದೆ. ಹಾಗಿದ್ದ ಮೇಲೆ ಒಬ್ಬೊಬ್ಬ ಸಂಗೀತಗಾರನನ್ನೂ ಅವನು ಹುಟ್ಟಿದ ವಾರದವರೇ ಸಾಕಲಿ ಅಂದೆ. ಡ್ರಮ್ಮಿನ ಹುಡುಗ ಸೋಮವಾರದವರಿಗೆ, ಗಿಟಾರಿನವನು ಶನಿವಾರದವರಿಗೆ, ತಾಳ ಗಂಟೆಯ ಹುಡುಗರು ಉಳಿದವರಿಗೆ. ಅಫುವಾ ಶುಕ್ರವಾರದವರಿಗೆ, ಹೆಸರೇ ಹೇಳುತ್ತದಲ್ಲ, ಶುಕ್ರವಾರ ಹುಟ್ಟದ ಹೆಣ್ಣಿಗೆ ಯಾರು ಅಫುವಾ ಎಂದು ಕರೆಯುತ್ತಾರೆ? ಸಭೆ ಹೋ ಎಂದು ಒಪ್ಪಿತು. ಶುಕ್ರವಾರದವರ ಮುಖಂಡರಾದ ಅಸಿಯೆಡು ಮೇಷ್ಟ್ರು ದಾವೀದನನ್ನು ಅಲ್ಲೇ ಮರೆತು, ಚರ್ಚಿನ ಅತ್ಯುತ್ತಮ ಬೆರಳು ನಮ್ಮ ವಾರದ್ದು ಎಂದು ಮೀಸೆ ತಿರುವಿದರು.

ಈ ಯೋಜನೆಯಲ್ಲಿ ಒಂದು ತೂತಿತ್ತು, ಅದು ಕಂಡದ್ದು ಚರ್ಚಿನ ಮೆಟ್ಟಿಲಿಳಿಯುವಾಗ. ಬುಧವಾರ ಹುಟ್ಟಿದ ಸಂಗೀತಗಾರ ಒಬ್ಬನೂ ಇಲ್ಲ. ನಮ್ಮ ಬುಧವಾರದವರ ಮುಖ್ಯಸ್ಥೆ ಯಾರು? ಮೆಕ್ಕೆಜೋಳದ ಕೆಂಕಿ ಕಡುಬು ಮಾರುವ ಒಫೊರಿವಾ ಅತ್ತೆ. ಅವಳು ಕುದಿಯುವ ಪಾತ್ರೆಯ ಮುಂದೆ ನಿಂತರೆ ಪಾತ್ರೆಯೇ ತಣ್ಣಗಾಗುತ್ತದೆ. ನನ್ನನ್ನು ಮಾರುಕಟ್ಟೆಯ ನಡುವೆ ತಡೆದು, ಹೊದಿಕೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು: “ಏನ್ರೀ ಹಿರಿಯರೇ, ನಿಮ್ಮನ್ನ ಹೆತ್ತದ್ದೂ ಬುಧವಾರವೇ ತಾನೆ? ಎಲ್ಲರಿಗೂ ಒಂದೊಂದು ಕೋಳಿ ಹಂಚಿ ನಮ್ಮ ತಟ್ಟೆಗೆ ಪುಕ್ಕ ಹಾಕಿದ್ರಲ್ಲ.” ನಾನು ಅಂಗಡಿಯವನ ಹತ್ತಿರ ಈರುಳ್ಳಿಯ ಬೆಲೆ ಕೇಳಿದೆ. ಈರುಳ್ಳಿ ನನಗೆ ಬೇಕಾಗಿರಲಿಲ್ಲ. ಅದೇ ಸಂಜೆಯಿಂದ ಅವಳು ಮನೆ ಮನೆ ಹತ್ತಿದಳು, ಯಾರ ಮಗ ಕಹಳೆ ಊದುತ್ತಾನೆ, ಯಾರ ಮೊಮ್ಮಗಳು ಹಾಡುತ್ತಾಳೆ, ಹುಟ್ಟಿದ್ದು ಯಾವ ವಾರ ಎಂದು ವಿಚಾರಿಸುತ್ತ. ಹಾಗೆ ಅಲೆಯುತ್ತ ಅಫುವಾಳ ಅಮ್ಮನ ಒಲೆಯ ಮುಂದೆ ಕೂತಾಗ ಸಿಕ್ಕಿತು ನೋಡು ನಿಧಿ. ಅಫುವಾ ಹುಟ್ಟಿದ್ದು ಬುಧವಾರ. ಶುಕ್ರವಾರ ಹುಟ್ಟಿದವಳು ಅವಳ ಅಜ್ಜಿ. ಆ ಮುದುಕಿ, ನನ್ನ ಹೆಸರಿಡದಿದ್ದರೆ ಮಗುವನ್ನು ಎತ್ತಿಕೊಳ್ಳುವುದೇ ಇಲ್ಲ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳಂತೆ. ಹೆದರಿ ವಾರದ ಸಮೇತ ಅವಳ ಹೆಸರನ್ನೇ ಇಟ್ಟರು. ಹುಡುಗಿ ಅಂದಿನಿಂದ ಶುಕ್ರವಾರದ ಸಾಲಿನಲ್ಲೇ ಕುಣಿದುಕೊಂಡು ಬಂದಿದ್ದಾಳೆ, ಕೇಳಿದವರಿಲ್ಲ.

ಮೊನ್ನೆ ಭಾನುವಾರ ಪ್ರಕಟಣೆಗಳ ಹೊತ್ತಿಗೆ ಒಫೊರಿವಾ ಎದ್ದು ನಿಂತು ಇದನ್ನು ಹೇಳಿದಳು. ಚರ್ಚಿನಲ್ಲಿ ಅಂಥ ಗದ್ದಲ ಛಾವಣಿ ಹಾರಿಹೋದ ವರ್ಷವೂ ಆಗಿರಲಿಲ್ಲ. ಮೇಷ್ಟ್ರು ಬೆತ್ತ ಎತ್ತಿ, ದೀಕ್ಷಾಸ್ನಾನದಲ್ಲಿ ದೇವರ ಮುಂದೆ ಕೊಟ್ಟ ಹೆಸರು ಅಫುವಾ, ದೇವರಿಗೆ ವಾರ ಗೊತ್ತಿರಲಿಲ್ಲವೇ ಎಂದು ಕೇಳಿದರು. ಅಫುವಾಳ ಅಮ್ಮ ಮೆಲ್ಲಗೆ ಎದ್ದು, “ಮೇಷ್ಟ್ರೇ, ನೋವು ತಿಂದವಳು ನಾನು. ಬುಧವಾರ,” ಎಂದಷ್ಟೇ ಹೇಳಿ ಕೂತಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶುಕ್ರವಾರದವರು ಸಾಕಿದವರ ಹಕ್ಕು ಎಂದರು, ಬುಧವಾರದವರು ಹುಟ್ಟಿನ ಹಕ್ಕು ಎಂದರು. ಶುಕ್ರವಾರದವರು ಹುಡುಗಿಗೆ ಸಂಬಳ ಅಂದರೆ ನಮ್ಮವರು ಸಂಬಳ ಮತ್ತು ಸ್ಪೀಕರು ಅಂದರು. ಅವರು ಅದರ ಮೇಲೆ ಸಂಗೀತ ಶಾಲೆಯ ಫೀಸು ಅಂದರು. ಒಫೊರಿವಾ ಜೀವನಪೂರ್ತಿ ಕೆಂಕಿ ಮತ್ತು ಹುರಿದ ಮೀನು ಅಂದಳು. ಹೋದ ತಿಂಗಳವರೆಗೆ ಇವಳ ಬಸ್ಸಿನ ಚಾರ್ಜು ಕೊಡಲು ಜೇಬು ತಡಕಿ ನಿಟ್ಟುಸಿರು ಬಿಡುತ್ತಿದ್ದ ಜನವೇ ಇವರು. ನಾನೂ ಎದ್ದು ಕೂಗಿದೆ ಎಂದು ನಿನಗೆ ಯಾರಾದರೂ ಹೇಳಿಯಾರು. ಕೂಗಲಿಲ್ಲ, ಬುಧವಾರದ ಪರವಾಗಿ ಸ್ವಲ್ಪ ಗಟ್ಟಿಯಾಗಿ ಮಾತನಾಡಿದೆ.

ಆಗ ಅಫುವಾ ಕೀಬೋರ್ಡಿನ ಮೇಲೆ ಎರಡೂ ಕೈ ಒಟ್ಟಿಗೆ ಒತ್ತಿದಳು. ಕಿಟಕಿ ಅದುರುವಂಥ ಸದ್ದು. ಎಲ್ಲರೂ ಅವಳತ್ತ ತಿರುಗಿದರು. ಅವಳು ಎದ್ದು ನಿಂತಳು, ಧ್ವನಿ ಏರಿಸಲಿಲ್ಲ. “ನಾನು ಯಾವ ವಾರ ಹುಟ್ಟಿದೆ ಅಂತ ಎಲ್ಲರೂ ಕೇಳಿದ್ರಿ. ವಾರವೆಲ್ಲ ಏನು ತಿಂತೀನಿ ಅಂತ ಒಬ್ಬರೂ ಕೇಳಲಿಲ್ಲ. ಸುಗ್ಗಿ ಹಬ್ಬ ವರ್ಷಕ್ಕೆ ಒಂದು ಸಲ. ಪಂದ್ಯ ಮುಗಿದ ಮೇಲೆ ನನ್ನನ್ನ ಯಾವ ವಾರದವರು ಜ್ಞಾಪಕ ಇಟ್ಕೋತೀರಿ?” ಅಸಿಯೆಡು ಮೇಷ್ಟ್ರು ಬೆತ್ತ ಕೆಳಗಿಟ್ಟದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಆಮೇಲೆ ಅವಳು ತನಗೇನು ಬೇಕೆಂದು ಹೇಳಿದಳು. ಯಾವ ವಾರದವರ ಉಡುಗೊರೆಯೂ ಬೇಡ. ಕಾವಲುಗಾರನಿಗೆ ಕೊಡುವ ಹಾಗೆ ಚರ್ಚಿನಿಂದಲೇ ತಿಂಗಳ ಸಂಬಳ, ನೇಮಕದ ಪತ್ರ. (ನಮ್ಮ ಕಾವಲುಗಾರ ನಿದ್ದೆ ಮಾಡಿ ಸಂಬಳ ತೆಗೆದುಕೊಳ್ಳುತ್ತಾನೆ, ಇವಳು ಎಚ್ಚರವಿದ್ದು ಕೇಳುತ್ತಿದ್ದಾಳೆ, ಅಷ್ಟೇ ವ್ಯತ್ಯಾಸ.) ಶವಸಂಸ್ಕಾರಕ್ಕೆ ಶಾಮಿಯಾನಕ್ಕೂ ಕುರ್ಚಿಗೂ ಬಾಡಿಗೆ ಕೊಡುವ ಮನೆಯವರು ವಾದ್ಯದವರಿಗೂ ಕೊಡಬೇಕು. ಡ್ರಮ್ಮಿನವನಿಗೂ ಗಿಟಾರಿನವನಿಗೂ ಇದೇ ನಿಯಮ. ಮತ್ತೆ ವಾರದ ಸಂಜೆಗಳಲ್ಲಿ ಊರ ಮಕ್ಕಳಿಗೆ ಫೀಸು ತೆಗೆದುಕೊಂಡು ಪಾಠ ಹೇಳಲು ಒಂದು ಜಾಗ. ಸಂಬಳ ಒಂದರಿಂದಲೇ ಹೊಟ್ಟೆ ತುಂಬುವುದಿಲ್ಲ, ಪಾಠ ಸೇರಿದರೆ ಕೊಡೆ ಮಡಚಿಡಬಹುದು ಎಂದಳು. ಪಾದ್ರಿಗಳು, ಶಿಬಿರದಲ್ಲಿ ಹೇಳಿದ್ದೂ ಇದೇ, ಆದರೆ ಅರ್ಥವಾದದ್ದು ಈಗ, ಎಂದು ಒಪ್ಪಿಕೊಂಡರು. ಎಲ್ಲ ವಾರದವರೂ ಕೈ ಎತ್ತಿದರು. ನನ್ನ ಯೋಜನೆ ಬಿದ್ದುಹೋಯಿತು, ಆದರೆ ಅದು ಬಿದ್ದ ಗುಂಡಿಯಲ್ಲೇ ಇದು ಚಿಗುರಿತಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೇನೆ.

ತೊಡಕಾದದ್ದು ಜಾಗಕ್ಕೆ. ಚರ್ಚಿನ ಹಾಲಿನಲ್ಲಿ ಸೋಮವಾರ ಮಹಿಳಾ ಸಂಘ, ಮಂಗಳವಾರ ಗಾಯನ ಮಂಡಲಿ, ಉಳಿದ ಸಂಜೆ ಹುಡುಗರ ಕವಾಯತು. ನಡುವೆ ಮೇಕೆ ನುಗ್ಗಲೂ ಸಂದಿಲ್ಲ. ಬಾಡಿಗೆ ಕೋಣೆ ಹಿಡಿದರೆ ಪಾಠದ ದುಡ್ಡೆಲ್ಲ ಬಾಡಿಗೆಗೇ. ಜಾಗವಿಲ್ಲದಿದ್ದರೆ ಬಿಳಿ ಬೂಟಿನವನ ಹತ್ತಿರ ಹೋಗದೆ ದಾರಿಯಿಲ್ಲ ಎಂದು ಹುಡುಗಿ ನೇರವಾಗಿ ಹೇಳಿದಳು. ಚರ್ಚಿನಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆಗ ಯಾರೋ ಒಬ್ಬ ಹಿರಿಯ ಎದ್ದು, ತನ್ನ ಮನೆಯಲ್ಲಿ ಗಾಳಿ ಬೆಳಕಿನ ಒಂದು ಕೋಣೆ ಖಾಲಿ ಇದೆ ಎಂದುಬಿಟ್ಟ. ಯಾರೆಂದು ಈಗ ಬರೆಯುತ್ತ ಕೂತರೆ ಉದ್ದವಾಗುತ್ತದೆ.

ಬರೆದ ಸಾಲಿನ ಮೇಲೇ ಮತ್ತೊಂದು ಸಾಲು ಹತ್ತುತ್ತಿದೆ, ಈಗ ಗಮನಿಸಿದೆ, ಬೆಟ್ಟದ ಹಿಂದೆ ಬೆಳಕು ಜಾರುತ್ತಿದೆ. ಯಾಮ್ ಗಡ್ಡೆ ಸಾಗಿಸುವ ಲಾರಿಯವನು ನಸುಕಿಗೇ ತಮಾಲೆಗೆ ಹೊರಡುತ್ತಾನೆ, ಈ ಕಾಗದದ ಜೊತೆ ಒಂದು ಡಬ್ಬಿ ಶಿಟೊ ಖಾರವನ್ನೂ ಅವನ ಕೈಗೆ ಕೊಡುತ್ತೇನೆ. ಮಿತವಾಗಿ ತಿನ್ನು. ನಿನ್ನ ಮುಖ್ಯೋಪಾಧ್ಯಾಯಿನಿಗೆ ನನ್ನ ವಂದನೆ. ಕಾಗದದ ಕೊನೆಗೆ ಯುವರ್ಸ್ ಫೇಯ್ತ್‌ಫುಲ್ಲಿ ಬರೆಯಬೇಕೋ ಅಫೆಕ್ಷನೇಟ್ಲಿ ಬರೆಯಬೇಕೋ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಒಂದು ಬ್ಯಾಂಕಿಗೆ, ಇನ್ನೊಂದು ಮಗಳಿಗೆ. ನೀನು ಎರಡನ್ನೂ ಇಟ್ಟುಕೋ. ಹೋದಲ್ಲೆಲ್ಲ ದೇವರು ನಿನಗೆ ನೆರಳಾಗಿರಲಿ.

ನಿನ್ನ ಅಪ್ಪ,
ಕ್ವಾಕು ಅನ್ಸಾ

ಮರೆತಿದ್ದೆ: ಕೋಣೆ ನಿನ್ನದು. ಬೆಳಿಗ್ಗೆಯೇ ನಿನ್ನ ಮಂಚವನ್ನು ಹಜಾರಕ್ಕೆ ಹಾಕಿದೆ, ಬೀರುವನ್ನು ಮಾತ್ರ ಅಲುಗಾಡಿಸಲಾಗಲಿಲ್ಲ, ಮಂಡಿ ಬಿಡಲಿಲ್ಲ. ಬೋರ್ಡು ಬರೆಯುವವನು ಆಗಲೇ ಬಾಗಿಲಿಗೆ ಅಫುವಾಳ ಹೆಸರು ಬರೆದು ಹೋದ, ಬಣ್ಣ ಇನ್ನೂ ಹಸಿ. ಮಕ್ಕಳು ಇಡೀ ಸಂಜೆ ಒಂದೇ ಸ್ವರವನ್ನು ತಪ್ಪು ತಪ್ಪಾಗಿ ಒತ್ತುತ್ತಿದ್ದಾರೆ. ಬಹಳ ದಿನಗಳ ಮೇಲೆ ಈ ಮನೆಯಲ್ಲಿ ನಾನು ಬೈಯಲು ಯಾರೋ ಸಿಕ್ಕಿದ್ದಾರೆ. ನೀನು ಒಪ್ಪಿದ್ದೀಯ ಎಂದು ಅಫುವಾಳಿಗೆ ಹೇಳಿಬಿಟ್ಟೆ. ಹೂಂ ಎನ್ನುವುದಾದರೆ ಕಾಗದ ಸೇರಿದ ತಕ್ಷಣ ಫೋನು ಮಾಡು. ಬೇಡ ಎನ್ನುವುದಾದರೆ ಅವಸರವೇನಿಲ್ಲ, ಕಾಗದ ಬರೆ, ನಿಧಾನದ ಲಾರಿಯಲ್ಲಿ ಕಳಿಸು.