ಗುಬ್ಬಿಯ ತಲೆಯೊಳಗಿನ ಬಾಗಿಲುಗಳು

ಮನೆ, ಮಾರ್ಚ್ ೧೨, ಮಧ್ಯಾಹ್ನ

ಹಡಗಿನಲ್ಲಿರುವ ನನ್ನವರಿಗೆ,

ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯ ಕಾವಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ, ಇಲ್ಲ ‘ಆಯ್ತು, ಆಯ್ತು’ ಅಂತ ನನ್ನ ಬಾಯಿ ಮುಚ್ಚಿಸುತ್ತೀರೋ? ನಿಮ್ಮ ‘ಆಯ್ತು’ ಮೇಲೆ ನನಗೆ ನಂಬಿಕೆಯಿಲ್ಲ. ಈಚೆಗೆ ಯಾರ ಮೇಲೂ ಇಲ್ಲ.

ಅತ್ತೆ ಈಗಲೂ ಬಚ್ಚಲ ಬಾಗಿಲಲ್ಲೇ ಕಾವಲು ನಿಲ್ಲುತ್ತಾರೆ. ನಮ್ಮ ಪುಟ್ಟ ಗುಬ್ಬಿಗೆ ಮೊದಲ ಸಲ ಫಿಟ್ಸ್ ಬಂದದ್ದು ನಾನು ಅವಳಿಗೆ ಬಿಸಿನೀರು ಹೊಯ್ಯುತ್ತಿದ್ದಾಗ ತಾನೇ? ‘ಮಗೂನ ಜಾರಿಸಿದ್ದಾಳೆ, ಬಾಯಿ ಬಿಡ್ತಿಲ್ಲ’ ಅಂತ ಪಕ್ಕದ ಮನೆಯ ಟೈಲರಮ್ಮನಿಗೆ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು. ನಾನೂ ಕಡಿಮೆಯವಳಲ್ಲ. ನಿಮ್ಮ ಚಿಕ್ಕಪ್ಪ ಸಣ್ಣ ವಯಸ್ಸಿಗೇ ಹೇಗೆ ತೀರಿಕೊಂಡರೆಂದು ಕೇಳಿದಾಗಲೆಲ್ಲ ಈ ಮನೆಯಲ್ಲಿ ಮಾತು ಬಿಸಿಲು–ಮೋಡಕ್ಕೆ ಹೊರಳುವುದೇಕೆ, ಅವರಿಗೂ ಫಿಟ್ಸ್ ಇತ್ತೋ ಏನೋ ಎಂದು ನನ್ನ ತಲೆಯಲ್ಲೂ ಹುಳ ಕೊರೆಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಅನುಮಾನ ಫಿಟ್ಸಿಗೆಂದು ಕೊಡುತ್ತಿದ್ದ ಆ ಮಾತ್ರೆಯ ಮೇಲೆ. ಡೋಸ್ ಏರಿದಾಗಲೆಲ್ಲ ಫಿಟ್ಸೂ ಏರಿತು. ಹಾಗೆಂದು ಹೇಳಿದರೆ, ಅದನ್ನು ಬರೆದುಕೊಟ್ಟ ಹಳೆಯ ಡಾಕ್ಟರು ‘ನಿಮಗೇ ಒಂದು ನಿದ್ದೆ ಮಾತ್ರೆ ಬರ್ಕೊಡ್ಲಾ?’ ಎಂದು ನಕ್ಕರು. ನೀವು ಹೊರಡುವ ಮುನ್ನ ನಮ್ಮ ಮೂವರ ರಕ್ತ ತೆಗೆದುಕೊಂಡರಲ್ಲ, ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, ಅವರು ಮಾತ್ರ ನಗಲಿಲ್ಲ. ಗುಬ್ಬಿಯ ರಕ್ತದ ಫಲಿತಾಂಶ ಬಂದಿದೆಯೆಂದು ಕರೆಸಿ, ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ರಿಬ್ಬನ್ ಸುತ್ತಿದಂಥ ನಾಲ್ಕು ಕಂಬ, ನಡುವೆ ಸಣ್ಣ ತೂತು. ಮಿದುಳಿನ ನರಕೋಶಗಳ ಗೋಡೆಯಲ್ಲಿ ಇಂಥ ಬಾಗಿಲು ಲೆಕ್ಕವಿಲ್ಲದಷ್ಟಿವೆಯಂತೆ. ತೆರೆದೊಡನೆ ಸೋಡಿಯಂ ಒಳನುಗ್ಗುತ್ತದೆ, ರೆಪ್ಪೆ ಬಡಿಯುವ ಮೊದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ನರದುದ್ದಕ್ಕೂ ಸುದ್ದಿ ಓಡುವುದು ಹಾಗೆ. ಗುಬ್ಬಿಯಲ್ಲಿ ಆ ರಿಬ್ಬನ್ನಿನ ಒಂದೇ ಒಂದು ಕೊಂಡಿ ಬದಲಾಗಿ, ಮಡಿಕೆ ತಪ್ಪಿ, ಅರ್ಧದಷ್ಟು ಬಾಗಿಲು ಕೆಲಸವೇ ಮಾಡುವುದಿಲ್ಲ. ಏಟು ಬಿದ್ದಿರುವುದು ಮಿಕ್ಕವನ್ನು ‘ಸಾಕು, ಸುಮ್ನಿರಿ’ ಎಂದು ಗದರುವ ಕೋಶಗಳಿಗೆ. ಅವು ಸುಮ್ಮನಾದರೆ ಮಿಕ್ಕವೆಲ್ಲ ಒಟ್ಟಿಗೆ ಕಿರುಚುತ್ತವೆ, ಅದೇ ಫಿಟ್ಸ್. ಮೈ ಬಿಸಿಯಾದರೆ, ಜ್ವರವೋ ಬಿಸಿನೀರೋ, ಅಷ್ಟೇ ಸಾಕಂತೆ. ಆ ಮಾತ್ರೆಯೋ, ಉಳಿದ ಬಾಗಿಲುಗಳಿಗೂ ಅಗುಳಿ ಹಾಕುತ್ತಿತ್ತು! ಡಾಕ್ಟರಮ್ಮನೇ ನಿಧಾನವಾಗಿ ಅದನ್ನು ಇಳಿಸಿ ಬೇರೆ ಔಷಧಿ ಕೊಟ್ಟಿದ್ದಾರೆ. ಪೂರ್ತಿ ವಾಸಿಯಾಗುತ್ತದೆ ಅನ್ನಲಿಲ್ಲ. ಆದರೆ ಫಿಟ್ಸ್ ಅಪರೂಪವಾಗಿದೆ. ನಿನ್ನೆ ನನ್ನ ಮೂಗು ಹಿಡಿದೆಳೆದು ನಕ್ಕಳು. ಹೊಸ ಔಷಧಿಯನ್ನೂ ನಾನು ದುರುಗುಟ್ಟಿ ನೋಡಿಯೇ ಕುಡಿಸುತ್ತೇನೆ, ಬಿಡಿ.

ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ‘ಅದೆಲ್ಲ ಇರ್ಲಿ, ಯಾರ ಕಡೆ ರಕ್ತದಿಂದ ಬಂತು, ಅದನ್ನ ಹೇಳು’ ಅಂದರು.

ಮೈಮೇಲೆ ಎಚ್ಚರವಿರಲಿ. ಗುಬ್ಬಿಯ ಜೊಲ್ಲು ಮುತ್ತುಗಳೊಂದಿಗೆ,

ನಿಮ್ಮವಳು

ಇನ್ನೊಂದು ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಡಾಕ್ಟರಮ್ಮನ ಫೋನ್ ಬಂತು. ಆ ಬದಲಾವಣೆ ನಿಮ್ಮ ರಕ್ತದಲ್ಲೂ ಇಲ್ಲ, ನನ್ನದರಲ್ಲೂ ಇಲ್ಲವಂತೆ. ಗುಬ್ಬಿಯಲ್ಲೇ ಹೊಸದಾಗಿ ಆದದ್ದು. ಯಾರ ತಪ್ಪೂ ಅಲ್ಲ. ನಾನು ಹೇಳಿದರೆ ಅತ್ತೆ ನಂಬುವುದಿಲ್ಲ, ನೀವೇ ಅವರಿಗೆ ಬರೆಯಿರಿ. ಆದರೆ ಮೊದಲು ನನಗೆ ಬರೆಯಿರಿ. ಹೋದ ಬಂದರಿನಿಂದ ಫೋನ್ ಮಾಡಿ ನೀವೂ ‘ಮಗು ಕೈಜಾರಿತಾ? ನಿಜ ಹೇಳು’ ಅಂದಿರಿ.