ಬಷೀರನ ಸಾವಿನ ಊಟ

ಸಾಜಿಯಾ,

ನಾ ಬರಿಯೂದು ಮುಗಿಯೂತನಕ ನಿಮ್ಮ ಅಮ್ಮಿಗೆ ಓದಿ ಹೇಳಬ್ಯಾಡ ಅಂತ ನಿನಗ ಎಷ್ಟು ಸಲ ಹೇಳೇನಿ? ನಿನ್ನೆ ನನ್ನ ಕಾದಂಬರ್ಯಾಗಿನ ಬಷೀರ ಹೊಳಿ ಪಾಲಾದದ್ದು ಓದೀದಿ. ಅಮ್ಮಿ ಅತ್ಕೊಂತ ತಮ್ಮ ತಂಗಿ, ಕರ್ಜಗಿ ಖಾಲಾಗ ಫೋನ್ ಹಚ್ಚಿ, "ನಮ್ಮ ಬಷೀರ ಹೋಗಿಬಿಟ್ಟ" ಅಂದಾರ. ಯಾವ ಬಷೀರ ಅಂತ ಅವರೂ ಕೇಳಿಲ್ಲ, ಇವರೂ ಹೇಳಿಲ್ಲ. ಸಾವಿನ ಮನ್ಯಾಗ ಒಲಿ ಹಚ್ಚಬಾರದಂತ ಖಾಲಾ ಅನ್ನ, ದಾಲ್ಚಾ ಮಾಡಿಕೊಂಡು ಬಸ್ ಹತ್ಯಾರಂತ. ನಾ ಫೋನ್ ಮಾಡಿದರ ಎತ್ತವಲ್ಲರು.

ನಾ ಹೊಳಿ ನೋಡಾಕ ಮೇಡ್ಲೇರಿಗೆ ಹೊಂಟೇನಿ. ಜಾಗಾ ಕಣ್ಣಾರೆ ನೋಡದ ಒಂದು ಸಾಲೂ ಬರಿಯಾಕಿ ಅಲ್ಲ ನಾ, ನಿನಗ ಗೊತ್ತೈತಿ. ಈ ಸಲ ಹೊಳಿ ನೋಡದನ ಅಂವನ್ನ ಮುಳುಗಿಸಿದೆ, ಅದಕ್ಕ ಹಿಂಗಾತು. ದಂಡಿ ಮ್ಯಾಲೆ ಹಿಡ್ಕೊಳ್ಳಾಕ ಒಂದು ಗಿಡ ಕಂಡರ ಸಾಕು, ಬಷೀರ ಬದುಕ್ತಾನ. ಕಾಣದಿದ್ದರ ಅಮ್ಮಿ ಕೈಯಾಗ ನಾ ಬದುಕೂದಿಲ್ಲ.

ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಹರವೇನಿ. ಮೋಡ ಆದರ ಲಗೂನ ಒಳಗ ತಗೊಂಡು ಬಾ. ಅಮ್ಮಿಗೆ ಬಿಪಿ ಗುಳಿಗಿ ಕೊಡು, ಇವತ್ತು ಮರೀಲೇಬ್ಯಾಡ.

ದೀಪಾವಳಿ ವಿಶೇಷಾಂಕಕ್ಕ ಬರದ ಕತಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕೇನಿ. ಕೀಲಿ ಹುಡುಕಬ್ಯಾಡ. ಅದರಾಗಿನ ಅತ್ತಿ ಥೇಟ್ ನಿಮ್ಮ ಅಮ್ಮಿ ಇದ್ಧಾಂಗ ಅದಾಳ.

ಗಿಡ ಸಿಕ್ಕ ಕೂಡ್ಲೆ ಫೋನ್ ಮಾಡತೇನಿ. ಆದರ ಬಷೀರ ಬದುಕಿದ ಸುದ್ದಿ ಖಾಲಾ ಮುಂದ ಗಡಿಬಿಡಿ ಮಾಡಿ ಹೇಳಬ್ಯಾಡ. ಮೊದಲು ಎಲ್ಲಾರೂ ಹೊಟ್ಟಿ ತುಂಬ ಉಣ್ರಿ. ನನ್ನ ಪಾಲಿನ ದಾಲ್ಚಾ ತಗದಿಡು.

ನಿನ್ನ ಭಾಬಿ,
ನಸ್ರೀನ್